ಮನೆಯ ಕಂಪ್ಯೂಟರಿನಲ್ಲಿ ಟಿವಿ ರೆಕಾರ್ಡರ್

ಪ್ರಸಾರವಾಗುತ್ತಿರುವ ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿಗೆ ಬರೆದಿಟ್ಟು, ಬೇಕೆನಿಸಿದ ಹೊತ್ತಿಗೆ ತೋರಿಸುವ ಯಂತ್ರವೇ ಡಿಜಿಟಲ್ ಟಿವಿ ರೆಕಾರ್ಡರ್. ಟಿವೊ, ರಿಪ್ಲೇಟಿವಿ ಎಂಬ ಪೆಟ್ಟಿಗೆಗಳ ರೂಪದಲ್ಲಿ ಇದು 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬ ಪ್ರೋಗ್ರಾಮರ್ ಲಿನಕ್ಸ್‌ಗಾಗಿ ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದ ಮೇಲೆ, ಮನೆಯ ಸಾಮಾನ್ಯ ಕಂಪ್ಯೂಟರಿನಿಂದಲೂ ಇದೇ ಕೆಲಸ ಮಾಡಿಸುವ ದಾರಿ ತೆರೆಯಿತು. ಬೇಕಾಗುವ ಸಾಮಗ್ರಿ ಕೆಲವೇ: ಆಂಟೆನಾ, ಟ್ಯೂನರ್, ದೊಡ್ಡ ಡಿಸ್ಕ್ ಮತ್ತು ತಂತ್ರಾಂಶ. ಇದಕ್ಕೆ ಬಲಶಾಲಿ ಪ್ರೊಸೆಸರ್ ಬೇಕೆಂಬ ನಂಬಿಕೆ ಅನಲಾಗ್ ಕಾಲದಿಂದ ಉಳಿದುಬಂದದ್ದು.

ಆ ಕಾಲದಲ್ಲಿ ಅದು ನಿಜವೂ ಆಗಿತ್ತು. ಅಮೆರಿಕದ ಎನ್‌ಟಿಎಸ್‌ಸಿ ಚಿತ್ರವನ್ನು ಅಂಕಿಗಳಾಗಿ ಬದಲಿಸಿದರೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್, ಗಂಟೆಗೆ 70 ಗಿಗಾಬೈಟಿಗೂ ಹೆಚ್ಚು ಮಾಹಿತಿ ಬರುತ್ತದೆ. ಅದನ್ನು ಹಾಗೇ ಇಟ್ಟುಕೊಳ್ಳಲು ಅಂದಿನ ಡಿಸ್ಕುಗಳಲ್ಲಿ ಜಾಗವಿರಲಿಲ್ಲ. ಬಂದ ಚಿತ್ರವನ್ನು ಆಗಿಂದಾಗಲೇ ಕುಗ್ಗಿಸಬೇಕಿತ್ತು. ಪ್ರೊಸೆಸರ್ ತುಸು ಹಿಂದೆ ಬಿದ್ದರೂ ಚಿತ್ರದ ಚೌಕಟ್ಟುಗಳು ಕಳೆದುಹೋಗುತ್ತಿದ್ದವು. ಹಾಪಾಗ್ ಕಂಪನಿಯ ಪಿವಿಆರ್-250 ಕಾರ್ಡು ಹವ್ಯಾಸಿಗಳಿಗೆ ಅಚ್ಚುಮೆಚ್ಚಾದದ್ದು ಎಂಪೆಗ್-2 ರೂಪಕ್ಕೆ ಕುಗ್ಗಿಸುವ ಚಿಪ್ಪು ಕಾರ್ಡಿನ ಮೇಲೆಯೇ ಇದ್ದುದರಿಂದ.

ಡಿಜಿಟಲ್ ಪ್ರಸಾರದಲ್ಲಿ ಈ ಹೊರೆಯನ್ನು ಟಿವಿ ನಿಲಯವೇ ಹೊರುತ್ತದೆ. ಅಮೆರಿಕದ ದೊಡ್ಡ ನಿಲಯಗಳು 2009ರ ಜೂನ್ 12ರಂದು ಅನಲಾಗ್ ಪ್ರಸಾರ ನಿಲ್ಲಿಸಿ ಪೂರ್ತಿಯಾಗಿ ಎಟಿಎಸ್‌ಸಿ ಪದ್ಧತಿಗೆ ಹೊರಳಿದವು. ಈ ಪದ್ಧತಿಯಲ್ಲಿ 6 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಸೆಕೆಂಡಿಗೆ 19.39 ಮೆಗಾಬಿಟ್ ಮಾಹಿತಿಯನ್ನು ಹೊತ್ತು ತರುತ್ತದೆ. ಮುಖ್ಯ ಕಾರ್ಯಕ್ರಮ, ಜೊತೆಗೆ ಒಂದೆರಡು ಉಪವಾಹಿನಿಗಳು, ಕಾರ್ಯಕ್ರಮ ಪಟ್ಟಿ, ಎಲ್ಲವೂ ಆ ಒಂದೇ ಹರಿವಿನಲ್ಲಿ ಬೆರೆತಿರುತ್ತವೆ.

ಬೆರೆತದ್ದನ್ನು ಬೇರ್ಪಡಿಸುವ ಉಪಾಯ ತುಂಬ ಸೊಗಸಾದದ್ದು. ಇಡೀ ಹರಿವನ್ನು 188 ಬೈಟಿನ ಪ್ಯಾಕೆಟ್‌ಗಳಾಗಿ ಕತ್ತರಿಸಲಾಗಿರುತ್ತದೆ. ಮೊದಲ 4 ಬೈಟು ತಲೆಬರಹ, ಉಳಿದ 184 ಸರಕು. ತಲೆಬರಹದಲ್ಲಿ 13 ಬಿಟ್ಟಿನ ಒಂದು ಗುರುತು ಸಂಖ್ಯೆ ಇದೆ. ಸೊನ್ನೆ ಸಂಖ್ಯೆಯ ಪ್ಯಾಕೆಟ್‌ಗಳನ್ನು ಓದಿದರೆ ಯಾವ ವಾಹಿನಿಯ ವಿವರ ಯಾವ ಸಂಖ್ಯೆಯಲ್ಲಿದೆ ಎಂದು ತಿಳಿಯುತ್ತದೆ; ಆ ವಿವರವನ್ನು ತೆರೆದರೆ ಅದರ ಚಿತ್ರಕ್ಕೆ ಯಾವ ಸಂಖ್ಯೆ, ಧ್ವನಿಗೆ ಯಾವ ಸಂಖ್ಯೆ ಎಂಬುದು ಸಿಗುತ್ತದೆ. ಅಂಚೆ ಕಚೇರಿಯಲ್ಲಿ ಲಕೋಟೆ ಒಡೆಯದೆ ಪಿನ್‌ಕೋಡ್ ನೋಡಿ ಕಾಗದಗಳನ್ನು ವಿಂಗಡಿಸುವಂತೆ, ಕಂಪ್ಯೂಟರ್ ಬೇಕಾದ ಸಂಖ್ಯೆಯ ಪ್ಯಾಕೆಟ್‌ಗಳನ್ನು ಆಯ್ದು ಡಿಸ್ಕಿಗೆ ಬರೆಯುತ್ತದೆ. ಒಳಗಿನ ಚಿತ್ರವನ್ನು ಅದು ಬಿಚ್ಚುವುದೂ ಇಲ್ಲ, ಮತ್ತೆ ಕುಗ್ಗಿಸುವುದೂ ಇಲ್ಲ. ಹಾಗಾಗಿಯೇ ಹಳೆಯ ಕಂಪ್ಯೂಟರ್ ಕೂಡ ಮೂರು ನಾಲ್ಕು ಕಾರ್ಯಕ್ರಮಗಳನ್ನು ಒಟ್ಟಿಗೇ ರೆಕಾರ್ಡ್ ಮಾಡಬಲ್ಲದು, ಮತ್ತು ಡಿಸ್ಕಿನಲ್ಲಿ ಉಳಿಯುವ ಪ್ರತಿಯು ನಿಲಯ ಕಳಿಸಿದ್ದಕ್ಕಿಂತ ಒಂದು ಬಿಟ್ಟೂ ಕಳಪೆಯಲ್ಲ.

ಟ್ಯೂನರ್‌ನಲ್ಲಿ ಹಲವು ಬಗೆ: ಕಂಪ್ಯೂಟರಿನ ಒಳಗೆ ಕೂರುವ ಕಾರ್ಡು, ಯುಎಸ್‌ಬಿ ಕಡ್ಡಿ, ಇಲ್ಲವೇ ಎಚ್‌ಡಿ ಹೋಮ್‌ರನ್‌ನಂತೆ ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ. ಮೂರನೆಯದು ಅನುಕೂಲಕರ. ಆಂಟೆನಾ ತಂತಿ ಇಳಿದುಬರುವಲ್ಲೇ ಅದನ್ನಿಟ್ಟು ಕಂಪ್ಯೂಟರನ್ನು ಬೇರೆ ಕೋಣೆಯಲ್ಲಿಡಬಹುದು. ಆಂಟೆನಾ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಅನಲಾಗ್ ಚಿತ್ರ ಸಂಕೇತ ಕ್ಷೀಣಿಸಿದಂತೆ ಮಸುಕಾಗುತ್ತ ಹೋಗುತ್ತಿತ್ತು. ಡಿಜಿಟಲ್ ಚಿತ್ರವಾದರೋ ಒಂದು ಮಿತಿಯವರೆಗೆ ಸ್ವಚ್ಛವಾಗಿದ್ದು, ಮಿತಿ ದಾಟಿದೊಡನೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಮಿತಿಯ ಅಂಚಿನಲ್ಲಿರುವ ಸಂಕೇತ ಮಳೆಗಾಳಿಯ ದಿನ ಕೈಕೊಡುತ್ತದೆ.

ಡಿಸ್ಕಿನ ಲೆಕ್ಕ ಸರಳ. ಒಂದು ಚಾನೆಲಿನ ಇಡೀ ಹರಿವನ್ನು ಉಳಿಸಿದರೂ ಗಂಟೆಗೆ 9 ಗಿಗಾಬೈಟಿನ ಒಳಗೇ ಮುಗಿಯುತ್ತದೆ. 1 ಟೆರಾಬೈಟ್ ಡಿಸ್ಕಿನಲ್ಲಿ ನೂರು ಗಂಟೆಗೂ ಮಿಕ್ಕಿ ಹಿಡಿಸುತ್ತದೆ. ವೇಗದ ದೃಷ್ಟಿಯಿಂದಲೂ ಸೆಕೆಂಡಿಗೆ ಎರಡೂವರೆ ಮೆಗಾಬೈಟ್ ಬರೆಯುವುದು ಇಂದಿನ ಯಾವ ಡಿಸ್ಕಿಗೂ ಭಾರವಲ್ಲ. ಆದರೂ ರೆಕಾರ್ಡಿಂಗ್‌ಗೆ ಪ್ರತ್ಯೇಕ ಡಿಸ್ಕ್ ಇಡುವುದು, ಅದರ ಕಡತ ವ್ಯವಸ್ಥೆಯನ್ನು ನೋಡಿ ಆಯ್ದುಕೊಳ್ಳುವುದು ಒಳ್ಳೆಯದು. ಹಳೆಯ ಎಕ್ಸ್ಟ್-3 ಕಡತ ವ್ಯವಸ್ಥೆಯಲ್ಲಿ ಭಾರಿ ಕಡತವೊಂದನ್ನು ಅಳಿಸುವಾಗ ಡಿಸ್ಕ್ ತಡವರಿಸಿ, ಅದೇ ಹೊತ್ತಿಗೆ ನಡೆಯುತ್ತಿದ್ದ ರೆಕಾರ್ಡಿಂಗ್ ಹಾಳಾಗುವುದಿತ್ತು. ಮಿಥ್‌ಟಿವಿ ಬಳಸುವವರು ಎಕ್ಸ್‌ಎಫ್‌ಎಸ್ ಕಡೆಗೆ ಒಲಿದದ್ದಕ್ಕೆ ಇದೇ ಕಾರಣ.

ತಂತ್ರಾಂಶದ ನಿಜವಾದ ಜಾಣ್ಮೆ ಇರುವುದು ವೇಳಾಪಟ್ಟಿಯಲ್ಲಿ. ಎಟಿಎಸ್‌ಸಿ ನಿಲಯಗಳು ಕನಿಷ್ಠ 12 ಗಂಟೆಗಳಷ್ಟು ಕಾರ್ಯಕ್ರಮ ವಿವರವನ್ನು ಪ್ರಸಾರದ ಜೊತೆಗೇ ಕಳಿಸಬೇಕು. ವಾರದ ಮುಂಚೆ ಯೋಜನೆ ಹಾಕಲು ಇಷ್ಟು ಸಾಲದು. ಇಂಟರ್ನೆಟ್ ಮೂಲಕ ಉಚಿತವಾಗಿ ಪಟ್ಟಿ ಕೊಡುತ್ತಿದ್ದ ಜ್ಯಾಪ್2ಇಟ್ ಲ್ಯಾಬ್ಸ್ ಸೇವೆ 2007ರಲ್ಲಿ ನಿಂತಾಗ, ಮುಕ್ತ ತಂತ್ರಾಂಶದ ಬಳಗದವರೇ ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿಕೊಂಡರು. ಪಟ್ಟಿ ದತ್ತಕೋಶಕ್ಕೆ ಸೇರಿದ ಮೇಲೆ ಹಂಚಿಕೆ ಶುರು. ಒಂದೇ ಹೊತ್ತಿಗೆ ಬೇರೆ ಬೇರೆ ಚಾನೆಲ್‌ಗಳ ಮೂರು ಕಾರ್ಯಕ್ರಮ ಬೇಕು, ಟ್ಯೂನರ್ ಎರಡೇ ಇವೆ ಎಂದುಕೊಳ್ಳಿ. ತಂತ್ರಾಂಶ ಮೂರರ ಪೈಕಿ ಯಾವುದರ ಮರುಪ್ರಸಾರ ಮುಂದಿದೆ ಎಂದು ಹುಡುಕಿ ಅದನ್ನು ಮುಂದೂಡುತ್ತದೆ. ಮರುಪ್ರಸಾರ ಇಲ್ಲದಿದ್ದರೆ ಬಳಕೆದಾರ ಕೊಟ್ಟ ಆದ್ಯತೆಯಂತೆ ಆಯ್ದುಕೊಳ್ಳುತ್ತದೆ. ಎರಡು ರೆಕಾರ್ಡಿಂಗ್‌ಗಳ ನಡುವೆ ಕಂಪ್ಯೂಟರನ್ನು ಆರಿಸಿ, ಮದರ್‌ಬೋರ್ಡಿನ ಗಡಿಯಾರದ ಅಲಾರಂನಿಂದ ಅದನ್ನು ಮತ್ತೆ ಎಬ್ಬಿಸುವ ಏರ್ಪಾಡೂ ಉಂಟು.

ಪ್ರೊಸೆಸರ್ ದುಡಿಯುವುದು ನೋಡುವ ಹೊತ್ತಿನಲ್ಲಿ. ಕುಗ್ಗಿದ ಚಿತ್ರವನ್ನು ಬಿಚ್ಚಬೇಕು, 1080ಐ ಚಿತ್ರದಲ್ಲಿ ಬಿಡಿಬಿಡಿಯಾಗಿ ಬರುವ ಸರಿ, ಬೆಸ ಗೆರೆಗಳನ್ನು ಹೆಣೆಯಬೇಕು. ಈ ಕೆಲಸವನ್ನೀಗ ಬಹುಪಾಲು ಗ್ರಾಫಿಕ್ಸ್ ಚಿಪ್ಪೇ ಮಾಡುತ್ತದೆ. ಮುಂದಕ್ಕೆ ಜಿಗಿಯುವುದಕ್ಕೂ ಒಂದು ಕಟ್ಟುಪಾಡಿದೆ. ಎಂಪೆಗ್-2ರಲ್ಲಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಪೂರ್ಣ ಚಿತ್ರ ಬರುತ್ತದೆ, ನಡುವಿನವು ಅಕ್ಕಪಕ್ಕದವುಗಳಿಂದ ಆದ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಪೂರ್ಣ ಚಿತ್ರ ಕಡತದಲ್ಲಿ ಎಲ್ಲಿದೆ ಎಂಬುದನ್ನು ರೆಕಾರ್ಡಿಂಗ್ ವೇಳೆಯಲ್ಲೇ ಗುರುತಿಟ್ಟುಕೊಂಡರೆ ಜಿಗಿತ ತಡವಿಲ್ಲದೆ ಆಗುತ್ತದೆ. ಕ್ಷಣಕಾಲ ಕಪ್ಪಾಗುವ ಪರದೆ, ಮೂಲೆಯ ಲಾಂಛನ ಮಾಯವಾಗುವುದು ಮುಂತಾದ ಸುಳಿವುಗಳಿಂದ ಜಾಹೀರಾತಿನ ಜಾಗಗಳನ್ನೂ ಮಿಥ್‌ಟಿವಿ ಗುರುತಿಸುತ್ತದೆ, ಆಗಾಗ ತಪ್ಪುವುದೂ ಉಂಟು.

ಮನೆಯಲ್ಲಿ ಹೀಗೆ ರೆಕಾರ್ಡ್ ಮಾಡುವ ಹಕ್ಕು ತಾನಾಗಿ ಬಂದದ್ದಲ್ಲ. ನಂತರ ನೋಡಲೆಂದು ಟೇಪಿಗಿಳಿಸುವುದು ನ್ಯಾಯಯುತ ಬಳಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಡಿಜಿಟಲ್ ಪ್ರಸಾರದಲ್ಲಿ ನಕಲು ತಡೆಯುವ ಗುರುತನ್ನು ಎಲ್ಲ ಟ್ಯೂನರ್‌ಗಳೂ ಪಾಲಿಸಬೇಕೆಂದು ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2003ರಲ್ಲಿ ಹೊರಡಿಸಿದ ನಿಯಮವನ್ನು 2005ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಆ ನಿಯಮ ಉಳಿದಿದ್ದರೆ ಮುಕ್ತ ತಂತ್ರಾಂಶದ ರೆಕಾರ್ಡರ್‌ಗಳ ಕಥೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

ಗೂಢಲಿಪಿ ಹಾಕದ ಪ್ರಸಾರ ಎಲ್ಲಿದೆಯೋ ಅಲ್ಲೆಲ್ಲ ಈ ವಿಧಾನ ಸಲ್ಲುತ್ತದೆ. ಭಾರತದಲ್ಲಿ ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹದಿಂದ ಇಳಿಯುವ ಡಿಡಿ ಫ್ರೀ ಡಿಶ್ ಸೇವೆಯ ಉಚಿತ ವಾಹಿನಿಗಳಿಗೆ ಆಂಟೆನಾದ ಬದಲು ಡಿಶ್, ಎಟಿಎಸ್‌ಸಿ ಟ್ಯೂನರ್ ಬದಲು ಡಿವಿಬಿ-ಎಸ್2 ಕಾರ್ಡು ಬಳಸಿದರಾಯಿತು. 188 ಬೈಟಿನ ಪ್ಯಾಕೆಟ್ ಅಲ್ಲಿಯೂ ಅದೇ. ಚಂದನ ವಾಹಿನಿಯ ಕಾರ್ಯಕ್ರಮವೂ ಹಾಗೆಯೇ ಆಯ್ದು ಡಿಸ್ಕಿಗೆ ಸೇರುತ್ತದೆ. ಖಾಸಗಿ ಡಿಟಿಎಚ್ ಕಂಪನಿಗಳ ಹಣ ಕೊಟ್ಟು ನೋಡುವ ವಾಹಿನಿಗಳು ಗೂಢಲಿಪಿಯಲ್ಲಿ ಬರುವುದರಿಂದ, ಅವನ್ನು ರೆಕಾರ್ಡ್ ಮಾಡಲು ಆಯಾ ಕಂಪನಿಯ ಪೆಟ್ಟಿಗೆಯೇ ಬೇಕು.