ಬಿಸಿಲು ಏರಿದಾಗಲೇ ಮಲ್ಲಿಗೆ ಏಕೆ ಬಿರಿಯುತ್ತದೆ?

ಯುಗಾದಿ ಕಳೆದು ಎರಡು ವಾರವಾದರೆ ಸಾಕು, ದಾವಣಗೆರೆಯ ಬಿಸಿಲು 37 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಎಂ.ಸಿ.ಸಿ. ಬಡಾವಣೆಯ ‘ಎ’ ಬ್ಲಾಕ್ ಇರಲಿ, ‘ಬಿ’ ಬ್ಲಾಕ್ ಇರಲಿ, ರಸ್ತೆಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಸಂಜೆ ಆರೂವರೆಯ ಮೇಲೆ ಅದೇ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಕಾಂಪೌಂಡಿನ ಒಳಗಿನಿಂದ ದುಂಡುಮಲ್ಲಿಗೆಯ ಕಂಪು ಬರುತ್ತದೆ. ಗೇಟಿನ ಕಮಾನಿನ ಮೇಲೆ ಕಾಗದದ ಹೂವು ಬಣ್ಣ ಚೆಲ್ಲಿರುತ್ತದೆ. ಬೇವಿನ ಮರದ ಕೆಳಗೆ ಅವಲಕ್ಕಿ ಚೆಲ್ಲಿದಂತೆ ಸಣ್ಣ ಬಿಳಿ ಹೂಗಳು ಉದುರಿರುತ್ತವೆ.

ನೆಲ ಕಾದು ಬಿರಿಯುವ ಈ ಹೊತ್ತಿನಲ್ಲಿ, ನಲ್ಲಿಯ ನೀರಿಗೆ ಮನೆಮಂದಿಯೆಲ್ಲ ಕಾಯುವ ಈ ಹೊತ್ತಿನಲ್ಲಿ, ಗಿಡಗಳಿಗೆ ಹೂ ಬಿಡುವಷ್ಟು ಸಿರಿ ಎಲ್ಲಿಂದ ಬಂತು ಎಂದು ನೀವು ಯೋಚಿಸಿದ್ದೀರಾ?

ಪ್ರಶ್ನೆ ಬರೀ ಕುತೂಹಲದ್ದಲ್ಲ. ಕೈತೋಟದ ಕಾರ್ಯಕ್ರಮ ಪ್ರಸಾರವಾದ ಮೇಲೆ ನಮಗೆ ಬರುವ ಪತ್ರಗಳಲ್ಲಿ, ದೂರವಾಣಿ ಕರೆಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: “ಮಲ್ಲಿಗೆ ಗಿಡ ಆಳೆತ್ತರ ಬೆಳೆದಿದೆ. ದಿನಾ ತಪ್ಪದೆ ನೀರು ಹಾಕುತ್ತೇವೆ. ಹೂವು ಮಾತ್ರ ಇಲ್ಲ. ಕಿತ್ತು ಹಾಕಬಹುದೇ?” ಹೀಗೆ ಗೊಡ್ಡು ಎಂಬ ಹೆಸರು ಹೊತ್ತು ಎಷ್ಟೋ ಒಳ್ಳೆಯ ಗಿಡಗಳು ಬುಡಸಮೇತ ಹೋಗುತ್ತವೆ, ಅವುಗಳ ಜಾಗಕ್ಕೆ ಸಿಮೆಂಟು ಬರುತ್ತದೆ. ದಯವಿಟ್ಟು ಕೀಳಬೇಡಿ. ಕಾರಣ ಆ ದೂರಿನ ಎರಡನೆಯ ವಾಕ್ಯದಲ್ಲೇ ಇದೆ.

ಇಂಗ್ಲಿಷ್ ಪಠ್ಯಪುಸ್ತಕಗಳಿಂದ ನಾವು ಕಲಿತ ವಸಂತ ಬೇರೆ ನಾಡಿನದು. ಅಲ್ಲಿ ಹಿಮ ಕರಗಿ, ನೆಲ ಒದ್ದೆಯಾಗಿ, ಹಗಲು ದೀರ್ಘವಾದಾಗ ಹೂವು ಬರುತ್ತದೆ. ಲಂಡನ್ನಿನಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯ ಅತಿ ದೊಡ್ಡ ಹಗಲು ಹದಿನಾರೂವರೆ ಗಂಟೆಯಷ್ಟು. ನಮ್ಮ ದಾವಣಗೆರೆ, ಹರಿಹರಗಳು ಸಮಭಾಜಕ ವೃತ್ತದಿಂದ ಸುಮಾರು 14.5 ಡಿಗ್ರಿ ಉತ್ತರಕ್ಕೆ ಇರುವುದರಿಂದ ಇಲ್ಲಿ ಈ ವ್ಯತ್ಯಾಸ ಒಂದು ಮುಕ್ಕಾಲು ಗಂಟೆಯನ್ನೂ ಮುಟ್ಟುವುದಿಲ್ಲ. ನಮ್ಮ ಚೈತ್ರ ಬರುವುದು ಹಿಮದ ಬೆನ್ನಿಗಲ್ಲ, ಬರದ ಬೆನ್ನಿಗೆ. ಹಿಂಗಾರು ಮುಗಿದ ಮೇಲೆ ನಾಲ್ಕೈದು ತಿಂಗಳು ಹನಿ ಮಳೆಯಿಲ್ಲದ ನೆಲದಲ್ಲಿ ನಮ್ಮ ಗಿಡಮರಗಳು ಹೂ ಬಿಡುತ್ತವೆ.

ಹಾಗಾದರೆ ಹೂ ಬಿಡುವ ಕಾಲ ಬಂತೆಂದು ಗಿಡಕ್ಕೆ ಹೇಳುವವರು ಯಾರು? ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪಿನ ಒಂದು ತಳಿಯನ್ನು ಪರೀಕ್ಷಿಸಿ, ಹಗಲಿನ ಉದ್ದವೇ ಅದರ ಹೂವಿನ ಕಾಲವನ್ನು ತೀರ್ಮಾನಿಸುತ್ತದೆ ಎಂದು ತೋರಿಸಿದರು. ನಮ್ಮ ಸೇವಂತಿಗೆಯೂ ಈ ಗುಂಪಿನದೇ. ಹಗಲು ಚಿಕ್ಕದಾಗಿ ಇರುಳು ದೀರ್ಘವಾದರೆ ಅದಕ್ಕೆ ಮೊಗ್ಗು. ಆದ್ದರಿಂದಲೇ ಸೇವಂತಿಗೆಯ ಸುಗ್ಗಿ ದೀಪಾವಳಿ, ಕಾರ್ತಿಕದ ಕಡೆಗೆ ಬರುತ್ತದೆ. ಆ ಸಂದೇಶವನ್ನು ಎಲೆಯಿಂದ ಕುಡಿಗೆ ಒಯ್ಯುವ ವಸ್ತು ಒಂದಿರಬೇಕು ಎಂದು ಸೋವಿಯತ್ ವಿಜ್ಞಾನಿ ಚೈಲಖ್ಯಾನ್ 1930ರ ದಶಕದಲ್ಲೇ ಊಹಿಸಿ ಅದಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಅದು ಒಂದು ಪುಟ್ಟ ಪ್ರೋಟೀನು ಎಂಬುದು ಖಚಿತವಾಗಲು 2007ರವರೆಗೆ ಕಾಯಬೇಕಾಯಿತು. ಸಾಸಿವೆಯ ಕುಟುಂಬದ ಒಂದು ಕಳೆಗಿಡದಲ್ಲೂ, ಭತ್ತದಲ್ಲೂ ಆ ವರ್ಷವೇ ಅದು ಸಿಕ್ಕಿತು. ಹೆಸರಿಟ್ಟ ಎಪ್ಪತ್ತು ವರ್ಷಗಳ ಮೇಲೆ ಕೂಸು ಕಣ್ಣಿಗೆ ಬಿತ್ತು ಎನ್ನಿ.

ಆದರೆ ಗಡಿಯಾರ ಒಂದೇ ಅಲ್ಲ. ಮಾವಿಗೆ ಬೇಕಾದದ್ದು ಧನುರ್ಮಾಸದ ತಂಪು ರಾತ್ರಿಗಳು. ಚೆನ್ನಾಗಿ ಬಲಿತ ಕೊಂಬೆಯ ತುದಿಗೆ ಆ ತಂಪು ತಾಗಿದರೆ ಅದು ಎಲೆಯ ಬದಲು ಹೂಗೊಂಚಲನ್ನು ಹೊರಡಿಸುತ್ತದೆ. ಬೇವು, ಹೊಂಗೆ, ಊರಾಚೆಯ ಮುತ್ತುಗಗಳದು ಇನ್ನೊಂದು ಲೆಕ್ಕ. ಮಾಘ, ಫಾಲ್ಗುಣಗಳಲ್ಲಿ ಅವು ಹಳೆಯ ಎಲೆ ಉದುರಿಸುವುದನ್ನು ನೀವು ಗುಡಿಸಿ ಗುಡಿಸಿ ಬೇಸತ್ತಿರುತ್ತೀರಿ. ಎಲೆ ಇದ್ದಷ್ಟು ದಿನ ಬೇರು ಎತ್ತಿದ ನೀರು ಎಲೆಯ ಮೂಲಕ ಆವಿಯಾಗಿ ಹೋಗುತ್ತಿರುತ್ತದೆ. ಎಲೆ ಬಿದ್ದ ಮೇಲೆ ಆ ಸೋರಿಕೆ ನಿಲ್ಲುತ್ತದೆ. ಆಳದ ಬೇರು ಎತ್ತಿದ ನೀರು ಕಾಂಡದಲ್ಲೇ ತುಂಬಿ ನಿಲ್ಲುತ್ತದೆ. ಹಿಂದಿನ ಮಳೆಗಾಲದಲ್ಲಿ ಎಲೆಗಳು ತಯಾರಿಸಿದ ಪಿಷ್ಟವೂ ಅಲ್ಲೇ ಕೂಡಿಟ್ಟಿರುತ್ತದೆ. ಈ ಎರಡರ ಬಲದಿಂದ ಮೊಗ್ಗು ಒಡೆಯುತ್ತದೆ. ಬೇಸಿಗೆಯಲ್ಲಿ ಹೂವಾದ ಬೇವಿನ ಹಣ್ಣು ಮಾಗಿ ಬೀಜ ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಮುಂಗಾರು ಬಂದಿರುತ್ತದೆ.

ಅಂದರೆ ಚೈತ್ರದ ಹೂವಿಗೆ ಬೇಕಾದ ಬಂಡವಾಳ ಚೈತ್ರದ್ದಲ್ಲ. ಅದು ಹಿಂದಿನ ಆಶ್ವಯುಜ, ಕಾರ್ತಿಕಗಳ ಉಳಿತಾಯ, ಜೊತೆಗೆ ಮಾಗಿಯ ವಿಶ್ರಾಂತಿ.

ಇಷ್ಟು ತಿಳಿದ ಮೇಲೆ ಮಲ್ಲಿಗೆಯ ಬುಡಕ್ಕೆ ಬರೋಣ. ದುಂಡುಮಲ್ಲಿಗೆ ಆಲಿವ್ ಮರದ ಕುಟುಂಬಕ್ಕೆ ಸೇರಿದ್ದು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅದರ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಳೆಯ ಕಡ್ಡಿಯಲ್ಲಿ ಅಲ್ಲ. ಹೊಸ ಚಿಗುರು ಒಟ್ಟಿಗೆ, ಹೆಚ್ಚು ಸಂಖ್ಯೆಯಲ್ಲಿ ಬರಬೇಕಾದರೆ ಗಿಡ ಒಮ್ಮೆ ನಿಂತು ಮತ್ತೆ ಹೊರಡಬೇಕು. ವರ್ಷವಿಡೀ ದಿನವೂ ನೀರುಂಡ ಗಿಡ ನಿಲ್ಲುವುದೇ ಇಲ್ಲ. ಒಂದು ಎಲೆ, ಇನ್ನೊಂದು ಎಲೆ ಎಂದು ಬಳ್ಳಿಯಂತೆ ಹಬ್ಬುತ್ತಾ ಹೋಗುತ್ತದೆ. ಅದಕ್ಕೆ ಹೂ ಬಿಡುವ ಅವಸರವೇನೂ ಇಲ್ಲ. ಮೇಲಿಂದ ಒಂದು ಹಿಡಿ ಯೂರಿಯಾ ಬಿದ್ದರಂತೂ ಕೇಳುವುದೇ ಬೇಡ. ಸಾರಜನಕ ಎಲ್ಲವೂ ಎಲೆಗೇ ಹೋಗುತ್ತದೆ.

ಹೊಲದಲ್ಲಿ ಮಲ್ಲಿಗೆ ಬೆಳೆಯುವವರು ಮಾಡುವುದನ್ನೇ ನಾವು ಅಂಗಳದಲ್ಲಿ ಮಾಡಬೇಕು. ಡಿಸೆಂಬರ್ ತಿಂಗಳಲ್ಲಿ ಎರಡು ಮೂರು ವಾರ ನೀರು ನಿಲ್ಲಿಸಿ. ಎಲೆ ಬಾಡಿ ಕೆಲವು ಉದುರುತ್ತವೆ, ಹೆದರಬೇಡಿ. ಆಮೇಲೆ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ. ಕೈ ನಡುಗುತ್ತದೆ, ಮನೆಯ ಹಿರಿಯರು ಬೈಯಲೂಬಹುದು. ಒಣಕಡ್ಡಿ, ರೋಗದ ಕಡ್ಡಿಗಳನ್ನು ಪೂರ್ತಿ ತೆಗೆಯಿರಿ. ಬುಡದ ಸುತ್ತ ಪಾತಿ ಕೆದಕಿ ನಾಲ್ಕೈದು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ ಕೊಟ್ಟು, ಆಗ ಧಾರಾಳವಾಗಿ ನೀರು ಹಾಯಿಸಿ. ಸಂಕ್ರಾಂತಿಯ ಹೊತ್ತಿಗೆ ಕೆಂಪು ಚಿಗುರು, ಹೋಳಿಯಿಂದ ಯುಗಾದಿಯೊಳಗೆ ಮೊಗ್ಗು. ಈ ವರ್ಷ ಆ ಕಾಲ ತಪ್ಪಿದ್ದರೆ ಮುಂದಿನ ಡಿಸೆಂಬರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಬಡಾವಣೆಯ ಮನೆಗಳಲ್ಲಿ ಇನ್ನೆರಡು ತೊಡಕುಗಳಿವೆ. ಒಂದು ಬಿಸಿಲು. ಹಿಂದೆ ಒಂದಂತಸ್ತಿನ ಮನೆಯಿದ್ದ ಪಕ್ಕದ ನಿವೇಶನದಲ್ಲಿ ಈಗ ಮೂರಂತಸ್ತು ಎದ್ದಿದ್ದರೆ ನಿಮ್ಮ ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಸಿಗುತ್ತಿದೆಯೇ ಎಂದು ನೋಡಿ. ಇಲ್ಲವಾದರೆ ಕಡ್ಡಿ ನೆಟ್ಟು ಕುಂಡದಲ್ಲಿ ಬೆಳೆಸಿ ತಾರಸಿಗೆ ಏರಿಸುವುದೇ ದಾರಿ. ಎರಡನೆಯದು ಮಣ್ಣು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದು ಸುತ್ತಲಿನ ಎರೆಭೂಮಿಯ ಹತ್ತಿಯಿಂದ. ಹತ್ತಿಗೆ ಒಗ್ಗುವ ಎರೆಮಣ್ಣು ಮಲ್ಲಿಗೆಗೆ ಅಷ್ಟಾಗಿ ಒಗ್ಗದು, ಏಕೆಂದರೆ ನೀರು ಬೇಗ ಬಸಿಯುವುದಿಲ್ಲ. ಅದರ ಮೇಲೆ ಮನೆ ಕಟ್ಟಿದಾಗ ಉಳಿದ ಗಾರೆ, ಸುಣ್ಣ, ಸಿಮೆಂಟಿನ ಚೂರು ಬೇರೆ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಇದೇ ಕಾರಣ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆ ತಂಪಿನಲ್ಲಿ ಎಲೆಗೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿದರೆ ಬಣ್ಣ ಮರಳುತ್ತದೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಆ ಮೊಗ್ಗುಗಳನ್ನು ಆರಿಸಿ ಸುಟ್ಟುಬಿಡಿ, ಬೇವಿನೆಣ್ಣೆ ಸಿಂಪಡಿಸಿ.

ಮಲ್ಲಿಗೆ ಸಂಜೆಯೇ ಏಕೆ ಅರಳುತ್ತದೆ ಎಂಬುದಕ್ಕೂ ಉತ್ತರವಿದೆ. ಅದು ಕರೆಯುವುದು ಇರುಳು ಹಾರುವ ಪತಂಗಗಳನ್ನು. ಕತ್ತಲಲ್ಲಿ ಅವಕ್ಕೆ ಬಿಳಿ ಸುಲಭವಾಗಿ ಕಾಣುತ್ತದೆ, ವಾಸನೆ ದಾರಿ ತೋರುತ್ತದೆ. ಹಗಲಿನಲ್ಲಿ ಸುಗಂಧ ತಯಾರಿಸಿ ಹರಡಿದರೆ ಗಿಡಕ್ಕೆ ನಷ್ಟ. ತಮಾಷೆಯೆಂದರೆ ನಮ್ಮ ಅಂಗಳದ ದುಂಡುಮಲ್ಲಿಗೆ ಕಾಯಿ ಕಟ್ಟುವುದೇ ಅಪರೂಪ. ನೂರಾರು ವರ್ಷಗಳಿಂದ ಕಡ್ಡಿ ನೆಟ್ಟು ಅದನ್ನು ಹಬ್ಬಿಸಿದವರು ನಾವು. ಪತಂಗಕ್ಕೆ ಬರೆದ ಓಲೆಯನ್ನು ನಾವು ಮುಡಿದುಕೊಳ್ಳುತ್ತಿದ್ದೇವೆ. ಇದನ್ನು ಚಿತ್ರೀಕರಿಸ ಹೊರಟ ಕ್ಯಾಮೆರಾದವರ ಪಾಡು ಮಾತ್ರ ಯಾರಿಗೂ ಬೇಡ. ಬೆಳಕು ಹೋಗುವ ಹೊತ್ತಿಗೆ ಸರಿಯಾಗಿ ಮೊಗ್ಗು ಬಿಚ್ಚಲು ತೊಡಗುತ್ತದೆ, ದೀಪ ಹಾಕಿದರೆ ಹುಳುಗಳ ಸಂತೆ.

ಕಾಗದದ ಹೂವಿನ ಗಿಡ ಇದೇ ಪಾಠವನ್ನು ಇನ್ನೂ ಗಟ್ಟಿಯಾಗಿ ಹೇಳುತ್ತದೆ. ನಾವು ಹೂವೆಂದು ಕರೆಯುವ ಆ ಗುಲಾಬಿ, ಕಿತ್ತಳೆ ಬಣ್ಣದ ತೆಳು ಹಾಳೆಗಳು ಬಣ್ಣ ಬಂದ ಎಲೆಗಳು. ಮೂರು ಹಾಳೆಗಳ ನಡುವೆ ಕೊಳವೆಯಂತೆ ಕಾಣುವ ಸಣ್ಣ ಬಿಳಿಯದೇ ನಿಜವಾದ ಹೂವು. ದಕ್ಷಿಣ ಅಮೆರಿಕದ ಈ ಗಿಡ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನ ಹೆಸರು ಹೊತ್ತು ಲೋಕವೆಲ್ಲ ಹರಡಿತು. ನೀರು ಕಡಿಮೆಯಾದಷ್ಟೂ ಇದಕ್ಕೆ ಬಣ್ಣ ಹೆಚ್ಚು. ಎಲೆ ಸ್ವಲ್ಪ ಜೋತು ಬೀಳುವವರೆಗೂ ಕಾದು ನೀರು ಕೊಟ್ಟು ನೋಡಿ.

ಇನ್ನು ನೀರಿನ ಮಾತು. ದಾವಣಗೆರೆಗೆ ಕುಡಿಯುವ ನೀರು ಬರುವುದು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ ಮತ್ತು ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರಿನಿಂದ. (ನಮ್ಮ ಕಸುಬಿನ ಹೆಸರು ಹೊತ್ತ ಕೆರೆ ಒಂದಾದರೂ ಇದೆಯಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.) 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆಯಲ್ಲಿ ಹೂಗಿಡ ಸಾಕುವುದು ಸರಿಯೇ ಎಂದು ಹಿಂಜರಿಯುವವರು ಲೆಕ್ಕ ಹಾಕಿ ನೋಡಬೇಕು.

ಒಂದು ಚದರ ಮೀಟರ್ ತೆರೆದ ಒದ್ದೆ ನೆಲದಿಂದ ಬೇಸಿಗೆಯ ಒಂದೇ ದಿನದಲ್ಲಿ ಸುಲಭವಾಗಿ ಐದಾರು ಲೀಟರ್ ಆವಿಯಾಗುತ್ತದೆ. ದಿನಾ ಬೆಳಿಗ್ಗೆ 15 ಲೀಟರಿನ ಒಂದು ಬಕೆಟ್ ಹೊಯ್ದರೆ ವಾರಕ್ಕೆ 105 ಲೀಟರ್. ಅದರಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲೇ ನಿಂತು ಸೂರ್ಯನ ಪಾಲಾಗುತ್ತದೆ. ಬೇರೂ ಮೇಲೆಯೇ ಉಳಿದು ಇನ್ನಷ್ಟು ಕಾಯುತ್ತದೆ. ಬದಲಿಗೆ ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ಭತ್ತದ ಹೊಟ್ಟು ಹರಡಿ, ವಾರಕ್ಕೊಮ್ಮೆ ಸಂಜೆ ಎರಡು ಬಕೆಟ್ ನಿಧಾನವಾಗಿ ಇಂಗಿಸಿದರೆ ಖರ್ಚು 30 ಲೀಟರ್. ನೆಲದಲ್ಲಿ ಬೇರೂರಿದ ಮಲ್ಲಿಗೆಗೆ ಇಷ್ಟು ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದೆಡೆ ಹಿಡಿದಿಟ್ಟರೆ ನಲ್ಲಿ ನೀರನ್ನು ಮುಟ್ಟದೆಯೂ ನಡೆಯಬಹುದು. ಬಟ್ಟೆ ಒಗೆದ ಸೋಪಿನ ನೀರು ಮಾತ್ರ ಬೇಡ. ಅದರಲ್ಲಿನ ಸೋಡಿಯಂ ಎರೆಮಣ್ಣನ್ನು ಅಂಟುಗಟ್ಟಿಸಿ ಬೇರಿಗೆ ಉಸಿರು ಕಟ್ಟಿಸುತ್ತದೆ. ಕುಂಡದ ಗಿಡಗಳಿಗೆ ಈ ವಾರದ ಲೆಕ್ಕ ಹೊಂದುವುದಿಲ್ಲ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ನಾಳೆ ನೋಡಿ.

ಕೊನೆಯದಾಗಿ, ಹಲವರ ಮನೆಯಲ್ಲಿ ಮರೆತೇಹೋಗಿರುವ ಒಂದು ಹೂವು. ಆಫ್ರಿಕಾ ಮೂಲದ ಗೆಡ್ಡೆ ಅದು. ನಾವು ಮೇ ಹೂವು, ಫುಟ್‌ಬಾಲ್ ಲಿಲ್ಲಿ ಎನ್ನುತ್ತೇವೆ. ಹೆಬ್ಬೆರಳು ದಪ್ಪದ ಒಂದೇ ದಂಟಿನ ತುದಿಯಲ್ಲಿ ನೂರಾರು ಕೆಂಪು ಹೂಗಳು ಸೇರಿ ಚೆಂಡಾಗುತ್ತವೆ. ಚಳಿಗಾಲದಲ್ಲಿ ಎಲೆ ಒಣಗಿ ಕುಂಡ ಬರಿದಾಗಿ ಕಾಣುವುದರಿಂದ ಸತ್ತಿತೆಂದು ಮಣ್ಣು ಚೆಲ್ಲುವವರಿದ್ದಾರೆ. ಬದುಕಲೆಂದು ದಿನಾ ನೀರು ಹಾಕಿ ಗೆಡ್ಡೆ ಕೊಳೆಯಿಸುವವರೂ ಇದ್ದಾರೆ. ಎರಡೂ ಬೇಡ. ಎಲೆ ಒಣಗಿದ ಮೇಲೆ ಕುಂಡವನ್ನು ಮಳೆ, ನೀರು ತಾಗದ ಮೂಲೆಗೆ ಸರಿಸಿ. ಏಪ್ರಿಲ್ ಕೊನೆಯ ವಾರ ಭರಣಿ ಮಳೆಯ ಮೊದಲ ಗುಡುಗು ಕೇಳಿದಾಗ ಹೊರಗೆ ತಂದಿಡಿ. ಎಲೆಗೆ ಮುಂಚೆಯೋ ಎಲೆಯ ಜೊತೆಗೋ ದಂಟು ಬರುತ್ತದೆ. ಅದೇ ದಿನ ಕಾಗದದ ಹೂವಿನ ಕುಂಡವನ್ನು ಮಾತ್ರ ಸಜ್ಜದ ಕೆಳಗೆ ಎಳೆದಿಟ್ಟರೆ ಅದರ ಬಣ್ಣ ಇನ್ನೂ ಎರಡು ವಾರ ಉಳಿದೀತು.