ಹದವರಿತ ಬೆಂಕಿ

ಚನ್ನಗಿರಿ ಸೀಮೆಯಲ್ಲಿ ಸುಲಿದ ಹಸಿ ಅಡಿಕೆಯನ್ನು ಚೊಗರಿನ ಹಂಡೆಯಲ್ಲಿ ಬೇಯಿಸುವವರಿಗೂ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸಂತೆಗಳಲ್ಲಿ ರಾಶಿ ಬೀಳುವ ಮಂಡಕ್ಕಿಯನ್ನು ಭಟ್ಟಿಯಲ್ಲಿ ಹುರಿಯುವವರಿಗೂ ಸಮಾನವಾಗಿ ತಿಳಿದ ಮಾತೊಂದುಂಟು: ಬೆಂಕಿ ಎಷ್ಟಿದೆಯೆಂಬುದಕ್ಕಿಂತ ಅದರ ಹದವೇನೆಂಬುದು ದೊಡ್ಡದು. ಉಪ್ಪುನೀರುಂಡ ಅಕ್ಕಿಯು ಚೆನ್ನಾಗಿ ಕಾದ ಮರಳಿಗೆ ಬಿದ್ದೊಡನೆ, ಒಳಗಿನ ತೇವವು ಹೊರದಾರಿ ಕಾಣುವ ಮೊದಲೇ ಆವಿಯಾಗಿ ಕಾಳನ್ನು ಅರಳಿಸಿಬಿಡುತ್ತದೆ. ಮರಳು ಮಂದವಾಗಿದ್ದರೆ ಅದೇ ತೇವವು ಮೆಲ್ಲನೆ ಸೋರಿಹೋಗಿ ಅಕ್ಕಿಯು ಗಟ್ಟಿಯಾಗಿಯೇ ಉಳಿಯುತ್ತದೆ. ಪದಾರ್ಥವಿಜ್ಞಾನದ ಅತಿನೂತನ ವಸ್ತುವೊಂದು ಈ ಭಟ್ಟಿಯ ಧರ್ಮವನ್ನೇ ಅನುಸರಿಸುತ್ತದೆಂಬುದು ನನಗೆ ಇಂದಿಗೂ ವಿಸ್ಮಯದ ಸಂಗತಿ.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್, ಇಂಗಾಲದ ಷಟ್ಕೋನಗಳಿಂದ ನೇಯ್ದ ಅಸಂಖ್ಯ ಹಾಳೆಗಳ ರಾಶಿ; ಹಾಳೆಗಳ ನಡುವಣ ಅಂತರ 0.335 ನ್ಯಾನೋಮೀಟರ್. ಅಂತಹ ಒಂಟಿ ಹಾಳೆಯಾದ ಗ್ರಾಫೀನನ್ನು 2004ರಲ್ಲಿ ಬೇರ್ಪಡಿಸಿ ಅದರ ಗುಣಗಳನ್ನು ತೋರಿದ ಗೈಮ್ ಮತ್ತು ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಸಂದಿತು. ಹೆಚ್ಚಿನ ಪ್ರಮಾಣದಲ್ಲಿ ಪಡೆಯಬೇಕಾದರೆ, 1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ತೋರಿದ ಮಾರ್ಗದಲ್ಲಿ ಗ್ರಾಫೈಟನ್ನು ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್‌ಗಳಿಂದ ಉತ್ಕರ್ಷಿಸುವುದುಂಟು. ಆಗ ಆಮ್ಲಜನಕದ ಗುಂಪುಗಳು ಹಾಳೆಗಳಿಗೆ ಅಂಟಿಕೊಂಡು ಅಂತರವು ಇಮ್ಮಡಿಗೂ ಮೀರುತ್ತದೆ. ಆದರೆ ಹಾಳೆಯು ತನ್ನ ವಿದ್ಯುದ್ವಾಹಕತೆಯನ್ನು ಕಳೆದುಕೊಳ್ಳುತ್ತದೆ. ಕಳೆದುದನ್ನು ಮರಳಿಸಲು ನೆರವಾಗುವ ಉಪಾಯಗಳಲ್ಲಿ ಉಷ್ಣವೂ ಒಂದು. ಹಾಗೆ ದೊರೆತುದೇ ಅಪಕರ್ಷಿತ ಗ್ರಾಫೀನ್ ಆಕ್ಸೈಡ್.

ಗಾಳಿಯಲ್ಲಿ ಕಾಯಿಸಿದರೆ ಇಂಗಾಲವೇ ಉರಿದುಹೋಗುವುದರಿಂದ, ಈ ಸಂಸ್ಕಾರವು ಆರ್ಗಾನಿನಂತಹ ಜಡಾನಿಲದಲ್ಲಿ ಅಥವಾ ನಿರ್ವಾತದಲ್ಲಿ ನಡೆಯುತ್ತದೆ. ಮೊದಲು ಪದರಗಳ ನಡುವಣ ನೀರು ತೊಲಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಸಡಿಲವಾದ ಆಮ್ಲಜನಕದ ಗುಂಪುಗಳು ಕಳಚುತ್ತವೆ. ಆದರೆ ಆಮ್ಲಜನಕವು ಬರಿಗೈಯಲ್ಲಿ ಹೋಗುವುದಿಲ್ಲ: ಇಂಗಾಲದ ಪರಮಾಣುಗಳನ್ನೂ ತನ್ನೊಡನೆ ಸೆಳೆದು ಇಂಗಾಲದ ಡೈಆಕ್ಸೈಡ್, ಮಾನಾಕ್ಸೈಡ್‌ಗಳಾಗಿ ಹೊರಡುವುದರಿಂದ, ಹಾಳೆಯಲ್ಲಿ ರಂಧ್ರಗಳುಳಿಯುತ್ತವೆ. 1000 ಡಿಗ್ರಿಯ ಸುಮಾರಿಗೆ ಬಹುಪಾಲು ಆಮ್ಲಜನಕ ತೊಲಗಿ, ವಾಹಕತೆ ಗಣನೀಯವಾಗಿ ಮರಳಿದರೂ, ಹರಿದ ನೇಯ್ಗೆ ಕೂಡಿಕೊಳ್ಳಬೇಕಾದರೆ 2000 ಡಿಗ್ರಿಗೂ ಮೀರಿದ ತಾಪ ಬೇಕಾಗುತ್ತದೆ.

ವೇಗದ ಮಾತು ಇನ್ನೂ ಸ್ವಾರಸ್ಯವಾದುದು. ಮೆಲ್ಲನೆ ಕಾಯಿಸಿದರೆ ಅನಿಲಗಳು ಸೋರಿಹೋಗಿ ಪದರಗಳು ಮತ್ತೆ ಒತ್ತಾಗಿ ಕೂರುತ್ತವೆ. ಥಟ್ಟನೆ ಕಾಯಿಸಿದರೆ ಒಳಗೆ ಹುಟ್ಟಿದ ಅನಿಲದ ಒತ್ತಡಕ್ಕೆ ಅವು ಮಂಡಕ್ಕಿಯಂತೆ ಅರಳಿ ಬಿಡಿಬಿಡಿಯಾಗುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ಬಳಗವು 1050 ಡಿಗ್ರಿಯಲ್ಲಿ ಗ್ರಾಫೈಟ್ ಆಕ್ಸೈಡನ್ನು ಹೀಗೆಯೇ ಅರಳಿಸಿ ಗ್ರಾಫೀನನ್ನು ಪಡೆಯಿತು.

ಒಳಗಿನ ಗಾಯವನ್ನು ಕಾಣಿಸುವ ಕಣ್ಣು, ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಬೆಳಕಿನ ಪರಿಣಾಮ. ರಾಮನ್ ರೋಹಿತದಲ್ಲಿ, ಸೆಂಟಿಮೀಟರಿಗೆ 1580 ತರಂಗಗಳ ಸುಮಾರಿನ ಶಿಖರವು ಷಟ್ಕೋನಗಳ ನೇಯ್ಗೆಯನ್ನು ಸಾರಿದರೆ, 1350ರ ಸುಮಾರಿನದು ದೋಷಗಳನ್ನು ಸಾರುತ್ತದೆ. ಆಮ್ಲಜನಕ ತೊಲಗಿದ ಬಳಿಕವೂ ಈ ಎರಡನೆಯದು ಎದ್ದೇ ನಿಂತಿರುವುದುಂಟು. ಕಲ್ಮಷ ಹೋದಮಾತ್ರಕ್ಕೆ ನೇಯ್ಗೆ ಕೂಡಿತೆನ್ನಲಾಗದು. ಭಟ್ಟಿಯ ಮುಂದೆ ಕುಳಿತು, ನಾಲ್ಕು ಕಾಳನ್ನು ಮರಳಿಗೆಸೆದು, ಅವು ಅರಳುವ ಪರಿಯನ್ನು ನೋಡಿದ ಮೇಲೆಯೇ ಉಳಿದ ಅಕ್ಕಿಯನ್ನು ಸುರಿಯುವ ಕೈಯಲ್ಲಿರುವ ವಿವೇಕವು ಯಾವ ಪ್ರಯೋಗಶಾಲೆಗೂ ಸಲ್ಲುವಂತಹುದು.