ಲೈನು ಮನೆಯ ತೇವ ಯಾರ ತಪ್ಪು?

ಮೂಡಿಗೆರೆಯ ಕಡೆಯಿಂದ ಕಳಸದ ಮಾರ್ಗವಾಗಿ ಹೊರನಾಡಿಗೆ ಹೋಗುವವರು ದಾರಿಯಲ್ಲಿ ಕಾಫಿಯ ತೋಟಗಳನ್ನು ಕಾಣುತ್ತಾರೆ. ಈ ಸೀಮೆಯ ತೋಟಗಳ ಮರದ ನೆರಳಿನಲ್ಲಿ, ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಮನೆಗಳುಂಟು. ಕೂಲಿಕಾರರು ವಾಸಿಸುವ ಈ ಸಾಲಿಗೆ ‘ಲೈನು’ ಎಂದು ಹೆಸರು. ‘ಲೈನಿನವರು’ ಎಂಬ ಮಾತಿನಲ್ಲಿ, ಅವರು ಕೊಳಕರು, ರೋಗಿಷ್ಠರು ಎಂಬ ತಾತ್ಸಾರವೂ ಬೆರೆಯುವುದುಂಟು. ಈ ತಾತ್ಸಾರಕ್ಕೆ ಆಧಾರವಿದೆಯೆ? ವಿಚಾರಮಾಡಿ ನೋಡೋಣ.

ಮೊದಲು ಗೋಡೆಯನ್ನು ಪರೀಕ್ಷಿಸೋಣ. ಇಟ್ಟಿಗೆಯಲ್ಲಿ ಸೂಕ್ಷ್ಮವಾದ ರಂಧ್ರಗಳಿವೆ. ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಇವು ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ಇದೇ ಕೇಶಾಕರ್ಷಣೆ. ತಳಪಾಯದ ಮೇಲೆ ನೀರನ್ನು ತಡೆಯುವ ಪದರವಿಲ್ಲದಿದ್ದರೆ ಗೋಡೆ ಒದ್ದೆಯಾಗುತ್ತದೆ. ಬಯಲುಸೀಮೆಯಲ್ಲಿ ಬಿಸಿಲು ಅದನ್ನು ಆರಿಸೀತು. ಮಲೆನಾಡಿನಲ್ಲಾದರೋ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಬೇಗ ಆವಿಯಾಗದು. ಬೂಷ್ಟು ಹಬ್ಬುತ್ತದೆ, ಅದರ ಬೀಜಕಣಗಳು ಉಬ್ಬಸವನ್ನು ಕೆರಳಿಸುತ್ತವೆ. ಮನೆಯವರು ಎಷ್ಟು ಒರೆಸಿದರೂ ಅದು ಮತ್ತೆ ಬರುತ್ತದೆ. ಏಕೆಂದರೆ ಅದರ ಮೂಲವು ತಳಪಾಯದಲ್ಲಿದೆ.

ಇನ್ನು ಗಾಳಿ. ಕ್ಷಯರೋಗಾಣುಗಳು ರೋಗಿಯ ಕೆಮ್ಮಿನಿಂದ ಹೊರಬಿದ್ದು ಗಾಳಿಯಲ್ಲಿ ತೇಲುತ್ತವೆ. ಎದುರುಬದಿರು ಕಿಟಕಿಗಳಿದ್ದರೆ ಅವು ಹೊರಕ್ಕೆ ಸಾಗುತ್ತವೆ. ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಹಲವರು ಮಲಗಿದರೆ, ಒಬ್ಬರ ರೋಗ ಎಲ್ಲರಿಗೂ ಅಂಟಬಹುದು. ಇದರಲ್ಲಿ ಜಾತಿಯ ಮಾತಾಗಲಿ, ಗುಣದ ಮಾತಾಗಲಿ ಇಲ್ಲ.

ಮನೆಯ ದೋಷವನ್ನು ನಿವಾಸಿಯ ತಲೆಗೆ ಕಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕೊಳೆಗೇರಿಗಳನ್ನು ತೆಗೆದು, 1950ರ ದಶಕದಲ್ಲಿ ಬಡವರಿಗಾಗಿ ‘ಪ್ರೂಯಿಟ್-ಐಗೋ’ ಎಂಬ 33 ಕಟ್ಟಡಗಳನ್ನು, ಒಂದೊಂದಕ್ಕೂ 11 ಅಂತಸ್ತುಗಳಂತೆ, ಕಟ್ಟಿದರು. ದುರಸ್ತಿಯ ವೆಚ್ಚವು ಬಾಡಿಗೆಯಿಂದಲೇ ಹುಟ್ಟಬೇಕಾಗಿತ್ತು. ಬಾಡಿಗೆದಾರರು ಕಡಮೆಯಾದಂತೆ ದುರಸ್ತಿ ನಿಂತಿತು. ಅಪಕೀರ್ತಿ ಅಲ್ಲಿನ ಬಡವರಿಗೆ ಬಂದಿತು. 1972ರಲ್ಲಿ ಕೆಡವಲು ತೊಡಗಿ, ಕೆಲವೇ ವರ್ಷಗಳಲ್ಲಿ ಎಲ್ಲವನ್ನೂ ನೆಲಸಮ ಮಾಡಿದರು.

ನಮ್ಮ ಲೈನುಗಳಲ್ಲಿ ಇನ್ನೊಂದು ತೊಡಕುಂಟು. ಮನೆ ತೋಟದ್ದು, ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕಾಗುತ್ತದೆ. ಅಂಥವನು ತನ್ನ ಕೂಲಿಯಿಂದ ಮಾಡನ್ನು ಹೊದಿಸಲಿ ಎನ್ನುವುದು ನ್ಯಾಯವೆ? ಇದನ್ನರಿತೇ 1951ರ ತೋಟ ಕಾರ್ಮಿಕರ ಕಾಯಿದೆಯು, ವಸತಿಯನ್ನು ಒದಗಿಸಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಲೀಕರ ಮೇಲಿಟ್ಟಿತು. 2020ರ ಕಾರ್ಮಿಕ ಸಂಹಿತೆಯೂ ತೋಟದ ಕೆಲಸಗಾರರ ವಸತಿಯ ವಿಷಯವನ್ನು ಒಳಗೊಂಡಿದೆ.

ತೇವವನ್ನು ತಡೆಯುವ ಪದರ, ಸೋರದ ಮಾಡು, ಎದುರುಬದಿರು ಕಿಟಕಿ, ಹೊಗೆ ಹೋಗುವ ಕೊಳವೆ, ನೀರು ಹರಿಯುವ ಚರಂಡಿ: ಇವು ಅಸಾಧ್ಯವಾದ ವಸ್ತುಗಳಲ್ಲ. ಲೈನಿನಿಂದ ಬರುವ ಸಹಪಾಠಿಯ ಅಂಗಿಯಲ್ಲಿ ಹೊಗೆಯ ವಾಸನೆಯಿದ್ದರೆ, ಆ ಮನೆಗೆ ಹೊಗೆಕೊಳವೆ ಇಲ್ಲವೆಂದು ನಾವು ತಿಳಿಯಬೇಕು. ಅವನನ್ನು ದೂರ ಕೂರಿಸಬಾರದು.